ಮಂಗಳೂರಿನ ಕ್ರೈಸ್ತರ ಆದಿತ್ಯವಾರ

೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟು, ೧೭೯೯ರಲ್ಲಿ ಆತನ ಪತನಾನಂತರ ಅಳಿದುಳಿದವರಾಗಿ ಹಿಂದಿರುಗಿದ ಕೊಂಕಣಿ ಕ್ರೈಸ್ತರು ತಮ್ಮ ಇಗರ್ಜಿಗಳನ್ನು ಪುನಃ ಕಟ್ಟಿಕೊಂಡ ವೃತ್ತಾಂತವನ್ನು ಚರಿತ್ರಕಾರರು ವಿಸ್ತರಿಸಿ ಬರೆದಿದ್ದಾರೆ. ನನ್ನ ಕುತೂಹಲವಾದರೋ ಅವರ ಆದಿತ್ಯವಾರದ ಮೇಲೆ.

ಗದ್ದೆಯ ದುಡಿಮೆ ಆ ದಿನ ನಿಷಿದ್ಧ. ಪರಮಪ್ರಸಾದವನ್ನು ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟಲಾಗದೆಂಬ ನಿಯಮವು, ೧೯೫೩ರಲ್ಲಿ ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅದನ್ನು ಸಡಿಲಿಸುವವರೆಗೂ ಊರ್ಜಿತದಲ್ಲಿದ್ದುದರಿಂದ, ಬೆಳಗಿನ ಜಾವದಲ್ಲೇ ಬರಿಹೊಟ್ಟೆಯಲ್ಲಿ ಹುಣಿಗಳ ಮೇಲೆ ನಡೆದು, ಅರ್ಥವಾಗದಿದ್ದರೂ ಕಿವಿಗೆ ಚಿರಪರಿಚಿತವಾದ ಲತೀನ್ ಪೂಜೆಯಲ್ಲಿ ಮೊಣಕಾಲೂರಿ, ಮನೆಗೆ ಮರಳಿದವರಿಗೆ ಕಳ್ಳು ಹಾಕಿ ಹುದುಗಿಸಿದ ಸನ್ನಗಳೂ ಹಂದಿಮಾಂಸದ ಸಾರೂ ಅದೆಷ್ಟು ರುಚಿಸಿದ್ದಿರಬೇಕು! ಭಕ್ತಿಯು ಹಸಿವನ್ನು ಹೆಚ್ಚಿಸುವುದೆಂದರೆ ಪಾದ್ರಿಗಳು ಮುನಿಯಲಾರರೆಂದು ನಂಬುತ್ತೇನೆ.

ಮುಸ್ಸಂಜೆಯಲ್ಲಿ ಇಗರ್ಜಿಯ ಗಂಟೆ ಮೊಳಗಿದೊಡನೆ ಮಾತು ನಿಲ್ಲುತ್ತಿದ್ದಿತು. ಮನೆಯವರೆಲ್ಲ ಕುಳಿತು ಜಪಸರವನ್ನು ಮುಗಿಸಿದ ಬಳಿಕ ಮಕ್ಕಳು ಕೈಜೋಡಿಸಿ ಹಿರಿಯರಿಂದ ‘ಬೆಸಾಂವ್’, ಎಂದರೆ ಆಶೀರ್ವಾದ, ಬೇಡುತ್ತಿದ್ದರು.

ಸೆಪ್ಟೆಂಬರ್ ೮ರ ಮೊಂತಿ ಹಬ್ಬಕ್ಕೆ ಮಾತ್ರ ಮಾಂಸ ವರ್ಜ್ಯ: ಒಂಬತ್ತು ದಿನ ಕನ್ಯಾಮರಿಯಮ್ಮನವರಿಗೆ ಪುಷ್ಪಗಳನ್ನರ್ಪಿಸಿದ ಮಕ್ಕಳಿಗೆ ಕಬ್ಬಿನ ಜಲ್ಲೆ, ಮನೆಮಂದಿಗೆಲ್ಲ ಆಶೀರ್ವದಿತ ತೆನೆಯ ಹೊಸ ಅಕ್ಕಿಯನ್ನು ಬೆರೆಸಿದ ಹಾಲು, ಬಾಳೆಯೆಲೆಯ ಮೇಲೆ ಬೆಸಸಂಖ್ಯೆಯ ಪಲ್ಯಗಳು.