ಕಾನೂನುಗಳಲ್ಲಿ ಹಳತಾದ ತಂತ್ರಜ್ಞಾನ ಪದಗಳ ಪರಿಷ್ಕರಣೆ

ಬಳಕೆ ತಪ್ಪಿದ ಯಂತ್ರ, ಸಾಧನ ಅಥವಾ ವಿಧಾನದ ಹೆಸರು ಕಾಯ್ದೆಯಲ್ಲಿ ಹಾಗೇ ಉಳಿದಾಗ ಅದನ್ನು ತಿದ್ದುವ, ಹಿಗ್ಗಿಸುವ ಇಲ್ಲವೇ ಕಿತ್ತುಹಾಕುವ ಕೆಲಸ. ಭಾರತದಲ್ಲಿ ಇದಕ್ಕೆ ತಂತಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ‘ತಂತಿ ಬಂತು’ ಎಂದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತಿದ್ದ ಕಾಲವೊಂದಿತ್ತು. 2013ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಆ ಸೇವೆಗೆ ತೆರೆ ಎಳೆಯಿತು. ತಂತಿ ಹೋದರೂ 1885ರ ಭಾರತೀಯ ತಂತಿ ಕಾಯ್ದೆ ಹೋಗಲಿಲ್ಲ. 2017ರಲ್ಲಿ ಅದರ ಅಡಿಯಲ್ಲೇ ಹೊಸ ನಿಯಮಗಳು ಬಂದವು. ಗಲಭೆಯಾದ ಜಿಲ್ಲೆಯಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಲು ರಾಜ್ಯಗಳ ಗೃಹ ಕಾರ್ಯದರ್ಶಿಗಳು ಹೊರಡಿಸುತ್ತಿದ್ದ ಆದೇಶಗಳಿಗೆ ಬಲ ಸಿಕ್ಕಿದ್ದು ಎತ್ತಿನಗಾಡಿ ಕಾಲದ ಈ ಕಾಯ್ದೆಯಿಂದಲೇ.

ಇಷ್ಟು ದೀರ್ಘಾಯುಷ್ಯಕ್ಕೆ ಕಾರಣ ಕಾಯ್ದೆಯ ವ್ಯಾಖ್ಯೆ. ತಿದ್ದುಪಡಿಗಳಿಂದ ಹಿಗ್ಗಿದ ಆ ವ್ಯಾಖ್ಯೆಯ ಪ್ರಕಾರ ಚಿಹ್ನೆ, ಬರಹ, ಚಿತ್ರ, ಧ್ವನಿಗಳನ್ನು ತಂತಿಯಿಂದಲೋ ವಿದ್ಯುತ್ಕಾಂತೀಯ ಅಲೆಗಳಿಂದಲೋ ರವಾನಿಸುವ ಯಾವ ಸಾಧನವೂ ‘ಟೆಲಿಗ್ರಾಫ್’. ನ್ಯಾಯಾಲಯಗಳೂ ಹಳೆಯ ಪದವನ್ನು ಹಿಂದಿನಿಂದಲೇ ಎಳೆದು ಹಿಗ್ಗಿಸುತ್ತ ಬಂದಿವೆ. 1880ರಲ್ಲಿ ಇಂಗ್ಲೆಂಡಿನಲ್ಲಿ ಎಡಿಸನ್ ಟೆಲಿಫೋನ್ ಕಂಪನಿಯ ಮೊಕದ್ದಮೆ ನಡೆದಾಗ, ಟೆಲಿಫೋನ್ ಕೂಡ ಟೆಲಿಗ್ರಾಫೇ ಎಂಬ ತೀರ್ಪು ಬಂತು. ಅಲ್ಲಿನ ಟೆಲಿಗ್ರಾಫ್ ಕಾನೂನು ಬರೆದವರ ಕಾಲಕ್ಕೆ ಟೆಲಿಫೋನ್ ಬಳಕೆಗೇ ಬಂದಿರಲಿಲ್ಲ ಎಂಬುದು ಅಡ್ಡಿಯಾಗಲಿಲ್ಲ. 1910ರ ವಿದ್ಯುತ್ ಕಾಯ್ದೆಯಲ್ಲಿದ್ದ ‘ಟೆಲಿಗ್ರಾಫ್ ಲೈನ್’ ಎಂಬ ಮಾತಿಗೆ ನಿಸ್ತಂತು ಕೇಂದ್ರದ ಉಪಕರಣವೂ ಸೇರುತ್ತದೆಯೇ ಎಂಬ ಪ್ರಶ್ನೆ ಎದುರಾದಾಗ ನಮ್ಮ ಸುಪ್ರೀಂ ಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. 2003ರಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕದಲ್ಲಿದ್ದ ವೈದ್ಯರ ಸಾಕ್ಷ್ಯವನ್ನು ವಿಡಿಯೊ ಕಾನ್ಫರೆನ್ಸ್ ಮೂಲಕ ಪಡೆಯಬಹುದೆಂದಿತು. ಆರೋಪಿಯ ‘ಸಮಕ್ಷಮ’ ಎಂಬ ಪದ ಪರದೆಯವರೆಗೂ ಚಾಚಿಕೊಂಡಿತು.

ಎರಡನೆಯ ದಾರಿ ಹೊಸ ಸಾಧನದ ಹೆಸರನ್ನೇ ಬರೆದುಬಿಡುವುದು. ಓದುವವರಿಗೆ ಇದು ಸಲೀಸು, ಆದರೆ ಬಹುಬೇಗ ಹಳಸುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದಾಗ, ಅದರ ಜೊತೆಗೇ 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಗೂ ತಿದ್ದುಪಡಿಯಾಯಿತು. ಬ್ಯಾಂಕಿನ ಖಾತೆಪುಸ್ತಕ ಎಂದರೆ ಕೈಬರಹದ ಲೆಡ್ಜರ್ ಮಾತ್ರವಲ್ಲ, ಫ್ಲಾಪಿ, ಡಿಸ್ಕ್, ಟೇಪುಗಳಲ್ಲಿರುವ ದತ್ತಾಂಶದ ಮುದ್ರಿತ ಪ್ರತಿಯೂ ಹೌದು ಎಂದಾಯಿತು. ಹನ್ನೊಂದೇ ವರ್ಷಗಳಲ್ಲಿ ಸೋನಿ ಕಂಪನಿ ಫ್ಲಾಪಿ ಮಾರಾಟಕ್ಕೇ ವಿದಾಯ ಹೇಳಿತು. ನೂರಾ ಒಂಬತ್ತು ವರ್ಷದ ಕಾಯ್ದೆಗೆ ಹಾಕಿದ ತೇಪೆ ಕಾಯ್ದೆಗಿಂತ ಮೊದಲೇ ಹರಿದಿತ್ತು! ಅದೇ ತಿದ್ದುಪಡಿಯಲ್ಲಿ ‘ವಿದ್ಯುತ್ಕಾಂತೀಯ ದತ್ತಾಂಶ ಸಂಗ್ರಹದ ಬೇರೆ ಯಾವುದೇ ರೂಪ’ ಎಂಬರ್ಥದ ಬಾಲವೊಂದನ್ನು ಸೇರಿಸಿದ್ದರಿಂದ ಕೆಲಸ ಕೆಡಲಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲಿ ವಿದ್ಯುನ್ಮಾನ ದಾಖಲೆಗಳ ಕುರಿತ 65ಬಿ ಕಲಮಿಗೆ ಇಂಥ ರಕ್ಷಣೆ ಇರಲಿಲ್ಲ. ಅಲ್ಲಿ ಆಪ್ಟಿಕಲ್ ಮತ್ತು ಮ್ಯಾಗ್ನೆಟಿಕ್ ಮಾಧ್ಯಮಗಳ ಹೆಸರಷ್ಟೇ ಇತ್ತು. ಪೆನ್‌ಡ್ರೈವಿನ ಒಳಗಿರುವುದು ಎರಡೂ ಅಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ ‘ಸೆಮಿಕಂಡಕ್ಟರ್ ಮೆಮೊರಿ’ ಎಂಬ ಮಾತನ್ನು ಸೇರಿಸಿ ಆ ಕೊರತೆ ತುಂಬಿತು.

ಒಂದೊಂದೇ ಕಾಯ್ದೆಯನ್ನು ತೆಗೆದು ತಿದ್ದುವ ಗೋಜನ್ನು ತಪ್ಪಿಸುವ ಉಪಾಯವೂ ಇದೆ. ಯಾವುದೇ ಕಾನೂನು ‘ಬರಹದಲ್ಲಿರಬೇಕು’ ಎಂದರೆ ವಿದ್ಯುನ್ಮಾನ ರೂಪವೂ ಸಾಕು ಎನ್ನುತ್ತದೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಮು. ಇದು ರಾಜ್ಯ ಕಾನೂನುಗಳಿಗೂ ಕೊಡೆ ಹಿಡಿಯುತ್ತದೆ. ಉಯಿಲಿನಂಥ ಕೆಲವು ದಾಖಲೆಗಳು ಮಾತ್ರ ಈ ಕೊಡೆಯಿಂದ ಹೊರಗೆ. ಉಯಿಲಿಗೆ ಇವತ್ತಿಗೂ ಕಾಗದವೇ ಬೇಕು. ಇನ್ನು ಕೆಲವು ಕಡೆ ಪದವನ್ನು ಮುಟ್ಟದೆ ವಸ್ತುವನ್ನೇ ಬದಲಿಸಲಾಗುತ್ತದೆ. ಕರ್ನಾಟಕದಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿ ಕಂಪ್ಯೂಟರ್ ಪ್ರತಿ ಮಾತ್ರ ಊರ್ಜಿತವಾಯಿತು. ರೈತರ ಬಾಯಲ್ಲಿ ಅದು ಮುಂಚಿನಂತೆ ಪಹಣಿಯೇ.

ರಾಜ್ಯ ಶಾಸಕಾಂಗದ ಕೈ ಎಲ್ಲ ಕಡೆಗೂ ಎಟುಕುವುದಿಲ್ಲ. ಅಂಚೆ, ತಂತಿ, ದೂರವಾಣಿ, ನಿಸ್ತಂತು ‘ಮತ್ತು ಅಂಥ ಇತರ ಸಂಪರ್ಕ ರೂಪಗಳು’ ಸಂವಿಧಾನದ ಕೇಂದ್ರಪಟ್ಟಿಯಲ್ಲಿವೆ. ಬಾಜಿ ಮತ್ತು ಜೂಜು ರಾಜ್ಯಪಟ್ಟಿಯಲ್ಲಿವೆ. ಜೂಜು ಮೊಬೈಲಿಗೆ ಬಂದಾಗ ಕರ್ನಾಟಕದ ಕಾನೂನು ಇಕ್ಕಟ್ಟಿಗೆ ಸಿಕ್ಕಿತು. 1963ರ ಪೊಲೀಸ್ ಕಾಯ್ದೆಯ ಕಣ್ಣಲ್ಲಿ ಜೂಜಿನ ಅಡ್ಡೆ ಎಂದರೆ ಕಟ್ಟಡ, ಕೋಣೆ, ಡೇರೆ, ವಾಹನದಂಥ ಜಾಗ. ಪೊಲೀಸರು ದಾಳಿ ಮಾಡಿ ಇಸ್ಪೀಟು ಎಲೆ, ಪಣದ ಹಣ ಜಪ್ತಿ ಮಾಡಬಹುದಾದ ಜಾಗ. ಆ್ಯಪಿಗೆ ಬಾಗಿಲೆಲ್ಲಿ?

2021ರ ತಿದ್ದುಪಡಿ ಈ ಪದಗಳನ್ನು ಹಿಗ್ಗಿಸಿತು. ಜೂಜಿನ ಸಾಧನಗಳ ಪಟ್ಟಿಗೆ ಕಂಪ್ಯೂಟರ್, ಮೊಬೈಲ್ ಆ್ಯಪ್, ಇಂಟರ್ನೆಟ್ ಸೇರಿದವು. ಅಷ್ಟಕ್ಕೇ ನಿಂತಿದ್ದರೆ ಅದು ಬರೀ ಪದಪರಿಷ್ಕರಣೆಯಾಗುತ್ತಿತ್ತು. ಆದರೆ ಕೌಶಲದ ಆಟದ ಮೇಲೆ ಹಣ ಪಣವಿಡುವುದೂ ಜೂಜು ಎಂಬ ಹೊಸ ನೀತಿ ಅದೇ ಮಸೂದೆಯಲ್ಲಿ ಬಂದು ಕೂತಿತ್ತು. ಕುದುರೆ ರೇಸಿಗೆ ವಿನಾಯಿತಿ ಮಾತ್ರ ಹಾಗೇ ಉಳಿಯಿತು. ಅಕ್ಟೋಬರ್ 5ರಂದು ಜಾರಿಯಾದ ಈ ತಿದ್ದುಪಡಿಯನ್ನು ಗೇಮಿಂಗ್ ಉದ್ಯಮದವರು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ 2022ರ ಫೆಬ್ರುವರಿ 14ರಂದು ಅದರ ಪ್ರಮುಖ ಕಲಮುಗಳನ್ನು ರದ್ದುಪಡಿಸಿತು. ಜೂಜಿನ ವಿರುದ್ಧ ಸಂವಿಧಾನಕ್ಕೆ ಒಪ್ಪುವ ಹೊಸ ಕಾನೂನು ತರಲು ತನ್ನ ತೀರ್ಪು ಅಡ್ಡಿಯಲ್ಲ ಎಂದೂ ಪೀಠ ಹೇಳಿತು.

ತಂತಿ ಕಾಯ್ದೆಯ ಜಾಗಕ್ಕೆ ಬಂದ 2023ರ ದೂರಸಂಪರ್ಕ ಕಾಯ್ದೆ 2024ರ ಜೂನ್ 26ರಿಂದ ಹಂತಹಂತವಾಗಿ ಜಾರಿಗೆ ಬರತೊಡಗಿತು. ಇಂಟರ್ನೆಟ್ ಸ್ಥಗಿತದ ಹೊಸ ನಿಯಮಗಳು ಆ ವರ್ಷದ ನವೆಂಬರಿನಲ್ಲಿ ಬಂದವು. ಕಾಯ್ದೆಯ 2022ರ ಕರಡಿನಲ್ಲಿ ‘ಒಟಿಟಿ’ (ಇಂಟರ್ನೆಟ್ ಮೂಲಕ ಒದಗುವ ಸೇವೆ) ಎಂಬ ಪದವಿತ್ತು. ಅಂತಿಮ ಕಾಯ್ದೆಯಲ್ಲಿ ಅದಿಲ್ಲ. ‘ಸಂದೇಶ’ದ ವ್ಯಾಖ್ಯೆ ಮಾತ್ರ ಪಠ್ಯ, ವಿಡಿಯೊ, ದತ್ತಾಂಶಗಳನ್ನೆಲ್ಲ ಒಳಗೊಳ್ಳುವಷ್ಟು ಅಗಲವಾಗಿದೆ. ವಾಟ್ಸ್‌ಆ್ಯಪ್ ಇದರೊಳಗೆ ಬರುತ್ತದೆಯೋ ಇಲ್ಲವೋ ಎಂಬ ವಾದ ಕಾಯ್ದೆಯ ಜೊತೆಗೇ ಹುಟ್ಟಿಕೊಂಡಿತು.