ತಾವೇ ಎಣ್ಣೆ ನೀವಿಕೊಳ್ಳುವ ರೂಢಿ: ಮಧುಗಿರಿ ಸೀಮೆಯ ಕಾಲಿನ ಆರೈಕೆ ಕುರಿತು ಒಂದು ಟಿಪ್ಪಣಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಮಳೆ ಕಡಿಮೆ, ಬಂಡೆ ಹೆಚ್ಚು. ರಾಗಿ, ಕಡಲೆಕಾಯಿ ಬೆಳೆಯುವ ನೆಲ. ಇಲ್ಲಿ ಮೈಗೆ ಎಣ್ಣೆ ಹಚ್ಚುವ ರೂಢಿ ಎರಡು ಬಗೆಯದು. ಬಾಣಂತಿಗೆ, ಕೂಸಿಗೆ, ಯುಗಾದಿ ದೀಪಾವಳಿಗಳಲ್ಲಿ ಮನೆಮಂದಿಗೆ ಇನ್ನೊಬ್ಬರು ಹಚ್ಚಿ ತಿಕ್ಕುವುದು ಒಂದು. ಹೊಲದಿಂದ ಬಂದವರು ರಾತ್ರಿ ಮಲಗುವ ಮುಂಚೆ ಮಂಡಿಗೋ ಅಂಗಾಲಿಗೋ ತಾವೇ ನೀವಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ವಾರವುಂಟು, ಶಾಸ್ತ್ರವುಂಟು, ಹಾಡೂ ಉಂಟು. ಎರಡನೆಯದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಳೆಯ ಬರಹಗಳಲ್ಲೂ ಇದೇ ಒಲವು ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (ಸುಮಾರು 1129) ಅರಸನ ಸ್ನಾನಭೋಗವನ್ನು ವಿವರಿಸುವಾಗ ಸುಗಂಧ ತೈಲದ ಮಾತು ಬರುತ್ತದೆ. ಆದರೆ ತಿಕ್ಕುವ ಕೈ ಅರಸನದಲ್ಲ. ದುಡಿದವರು ತಮ್ಮ ಕಾಲನ್ನು ತಾವೇ ನೋಡಿಕೊಂಡ ಬಗೆಯನ್ನೂ ಆರೋಗ್ಯದ ಚರಿತ್ರೆಯೊಳಗೆ ಸೇರಿಸಿಕೊಳ್ಳಬೇಕೆಂಬುದು ನನ್ನ ನಿಲುವು.

ಹೀಗೆ ನೀವಿಕೊಳ್ಳಲು ಬಳಸುವ ಹರಳೆಣ್ಣೆ ಈ ಸೀಮೆಗೆ ಹೊರಗಿನಿಂದ ಬಂದದ್ದಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳಿನ ಜೊತೆ ಹರಳೂ ಬೆಳೆಯುತ್ತಿತ್ತು. ಬೀಜವನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದು, ನೀರಿನಂಶ ಹೋಗುವವರೆಗೆ ಮತ್ತೆ ಕಾಯಿಸುವುದು ಮನೆಯ ಕ್ರಮ. ಹರಳು ಬೀಜದಲ್ಲಿ ರೈಸಿನ್ ಎಂಬ ಕಡು ವಿಷವಿದೆ. ಅದು ಎಣ್ಣೆಯಲ್ಲಿ ಕರಗದು, ಕಾವಿಗೆ ಕೆಡುತ್ತದೆ; ಹುರಿದು ಕುದಿಸುವ ಈ ಕ್ರಮ ಬರೀ ಎಣ್ಣೆ ತೆಗೆಯುವ ಉಪಾಯವಷ್ಟೇ ಅಲ್ಲ. ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಅದರಿಂದಾಗಿಯೇ ಇದು ಅಷ್ಟು ಮಂದ. ಬೇಗ ಹೀರಿಹೋಗದೆ ಬೆರಳಿನಡಿ ಬಹಳ ಹೊತ್ತು ಉಳಿಯುತ್ತದೆ. ಕೈ ಜಾರಬೇಕು, ಒತ್ತಡವೂ ಬೀಳಬೇಕು ಎನ್ನುವಾಗ ಇದಕ್ಕಿಂತ ಒಗ್ಗುವ ಎಣ್ಣೆ ಈ ಸೀಮೆಯಲ್ಲಿ ಇಲ್ಲವೆಂದೇ ನನ್ನ ಎಣಿಕೆ.

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯ ಪಾದಾಭ್ಯಂಗಕ್ಕೆ ಪ್ರತ್ಯೇಕ ಜಾಗ ಕೊಟ್ಟಿದೆ. ಕಾಲಿನ ಒರಟು, ಬಿಗಿತ, ಒಣಗುವಿಕೆ, ದಣಿವು, ಜೋಮು ಇವೆಲ್ಲ ಶಮನವಾಗುತ್ತವೆ ಎಂಬುದು ಅಲ್ಲಿನ ಮಾತು. ಒಣಗುವಿಕೆ, ಒಡಕಿನ ಮಟ್ಟಿಗೆ ಒಪ್ಪಲು ತೊಂದರೆಯಿಲ್ಲ: ಎಣ್ಣೆ ತೊಗಲಿನ ತೇವವನ್ನು ಹಿಡಿದಿಡುತ್ತದೆ. ಬಿಗಿತ ಮತ್ತು ಜೋಮು ಎಂಬ ಎರಡು ಮಾತುಗಳನ್ನು ಮಾತ್ರ ಈ ನಾಲ್ಕು ತಾಲ್ಲೂಕುಗಳಲ್ಲಿ ಬಹಳ ಎಚ್ಚರದಿಂದ ಓದಬೇಕು.

ಬಿಗಿತದ ಮಾತು ಬಂದರೆ ನೀರಿನ ಮಾತು ಬರಲೇಬೇಕು. ಪಾವಗಡದ ಆಳದ ಕೊಳವೆಬಾವಿಗಳ ನೀರಲ್ಲಿ ಫ್ಲೋರೈಡ್ ಹೆಚ್ಚೆಂಬುದು ಹಳೆಯ ಸಂಕಟ. ಶಿರಾ, ಮಧುಗಿರಿಯಲ್ಲೂ ಅದು ಉಂಟು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಲ್ಲಿ 1.5. ವರ್ಷಗಟ್ಟಲೆ ಮಿತಿ ಮೀರಿದ ನೀರು ಕುಡಿದರೆ ಮೂಳೆ, ಕೀಲು, ಬೆನ್ನು ಬಿಗಿಯುತ್ತವೆ. ಅಂಥ ಮಂಡಿಗೆ ಎಣ್ಣೆ ನೀವಿದರೆ ಆ ಹೊತ್ತಿನ ನೋವು ತಗ್ಗಬಹುದು, ಸೇರಿಕೊಂಡ ಫ್ಲೋರೈಡ್ ಹೋಗದು. ನೀರು ಕುದಿಸಿದರೂ ಹೋಗದು. ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಸಾಂದ್ರತೆ ಏರುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿದ್ದರೆ, ಮಂಡಿಗೆ ಅಗತ್ಯವಾದ ಮೊದಲ ಔಷಧಿ ಅದರ ರಿಪೇರಿ. ಮಾಮೂಲಿ ಸೊಂಟನೋವಿಗೂ ಮಾಲೀಸಿನಿಂದ ಸಿಗುವುದು ಅಲ್ಪಕಾಲದ ಉಪಶಮನ, ಅದಕ್ಕಿರುವ ಪುರಾವೆಯೂ ದುರ್ಬಲ ಎಂದೇ 2015ರ ಕಾಕ್ರೇನ್ ಸಮೀಕ್ಷೆ ಹೇಳಿದೆ.

ಜೋಮಿನ ವಿಚಾರ ಇನ್ನೂ ಗಂಭೀರ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠರೋಗಿಗಳ ಸೇವೆಗೆ ಹೆಸರಾದದ್ದು. ಆ ರೋಗದಲ್ಲಿ ನರಗಳು ಕೆಟ್ಟು ಅಂಗಾಲಿನ ಸ್ಪರ್ಶ ಹೋಗುತ್ತದೆ, ಬೆವರೂ ನಿಲ್ಲುತ್ತದೆ. ತೊಗಲು ಒಣಗಿ ಒಡೆದು, ನೋವೇ ತಿಳಿಯದೆ ಹುಣ್ಣಾಗುತ್ತದೆ. ಹೋದ ಸ್ಪರ್ಶವನ್ನು ಎಣ್ಣೆ ಮರಳಿ ತರುವುದಿಲ್ಲ. ಇಂಥ ಕಾಲಿಗೆ ಹೇಳಿಕೊಡುವ ಸ್ವಯಂ ಆರೈಕೆ ಇದು: ದಿನವೂ ಇಪ್ಪತ್ತು ನಿಮಿಷ ತಣ್ಣೀರಲ್ಲಿ ಕಾಲು ನೆನೆಸುವುದು, ಗಟ್ಟಿಯಾದ ತೊಗಲನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜುವುದು, ಒದ್ದೆ ಆರುವ ಮುಂಚೆ ಎಣ್ಣೆ ಹಚ್ಚುವುದು, ಹಚ್ಚುತ್ತ ಮುಳ್ಳು, ಗಾಯ, ಬೊಕ್ಕೆ ಇದೆಯೇ ಎಂದು ಕಣ್ಣಿಟ್ಟು ನೋಡುವುದು. ನಮ್ಮ ಬಚ್ಚಲಲ್ಲಿ ಇರುವ ನೀರು, ಕಲ್ಲು, ಎಣ್ಣೆ ಇಷ್ಟೇ ಸಾಕು. ಮನೆಯ ರೂಢಿ ಚಿಕಿತ್ಸೆಯ ಮಟ್ಟಕ್ಕೆ ಏರಿದ್ದನ್ನು ನಾನು ಇಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣೆ.

ಸಕ್ಕರೆ ಕಾಯಿಲೆಯವರ ಜೋಮಿಗೆ ಇದೇ ಕ್ರಮವನ್ನು ಹಾಗೇ ಎತ್ತಿ ಹಾಕುವಂತಿಲ್ಲ. ಅವರು ಕಾಲನ್ನು ನೀರಲ್ಲಿ ನೆನೆಸಿಡಬಾರದು, ಕಲ್ಲಿನಿಂದ ಉಜ್ಜಬಾರದು, ಬೆರಳ ಸಂದಿಗೆ ಎಣ್ಣೆ ಹಚ್ಚಬಾರದು. ತೊಳೆದು, ಸಂದಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಅಂಗಾಲು ಹಿಮ್ಮಡಿಗಷ್ಟೇ ಹಚ್ಚಬೇಕು. ಇನ್ನು ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಯಾರೂ ಅದನ್ನು ನೀವಕೂಡದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ನೀವಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಆ ದಿನವೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.