ಮಣ್ಣು ಹುಳಿಯೋ, ಸವಳೋ?



ಮಲೆನಾಡಿನಲ್ಲಿ ಜಡಿಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದೊಯ್ಯುತ್ತದೆ, ನೆಲ ಹುಳಿಯಾಗುತ್ತದೆ. ಅದಕ್ಕೇ ಅಲ್ಲಿಯವರು ತೋಟಕ್ಕೆ ಸುಣ್ಣ ಹಾಕುತ್ತಾರೆ. ಅವರನ್ನು ನೋಡಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಹಿತ್ತಲಿಗೆ ಸುಣ್ಣ ಸುರಿಯಬ್ಯಾಡ್ರಿ. ನಮ್ಮ ಎರೆ ನೆಲದ ಚಿಂತೆ ಹುಳಿಯದಲ್ಲ, ಕ್ಷಾರ ಮತ್ತು ಸವಳಿನದು.

ಈ ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕವನ್ನು 1909ರಲ್ಲಿ ಡೆನ್ಮಾರ್ಕಿನ ಸೋರೆನ್ಸನ್ ಎಂಬ ವಿಜ್ಞಾನಿ ಹಾಕಿಕೊಟ್ಟನು. 7 ಎಂದರೆ ಸಮ. ಕೆಳಗೆ ಹುಳಿ, ಮೇಲೆ ಕ್ಷಾರ. ನಮ್ಮ ಎರೆ ಮಣ್ಣು ಸಾಮಾನ್ಯವಾಗಿ 8ರ ಆಜೂಬಾಜು.

ಇನ್ನು ಸವಳಿನ ಕಥೆ ಕೇಳಿರಿ. ನಮ್ಮ ಭೀಮೆಗೆ ಮೇಲ್ಗಡೆ ಕೂಡುವ ನೀರಾ ನದಿಯ ಎಡದಂಡೆ ಕಾಲುವೆ 1885ರಲ್ಲಿ ಹರಿಯಿತು. ಕಬ್ಬು ಬಂತು, ರೊಕ್ಕ ಬಂತು. ಬೆನ್ನಿಗೇ ಸವಳೂ ಬಂತು. 1910ರಲ್ಲಿಯೇ ಮ್ಯಾನ್ ಮತ್ತು ತಮ್ಹಾಣೆ ಎಂಬವರು ಆ ಕಣಿವೆಯ ಸವಳು ನೆಲಗಳ ಮೇಲೆ ವರದಿ ಬರೆದರು. ಕಾರಣ ಸರಳ. ಅತಿ ನೀರು ಹಾಯಿಸಿದರೆ ಕೆಳಗಿನ ನೀರು ಮೇಲೇರುತ್ತದೆ. ಬತ್ತಿ ಎಣ್ಣೆ ಹೀರಿದಂತೆ ನೆಲ ಅದನ್ನು ಹೀರುತ್ತದೆ. ನೀರು ಆರಿ ಉಪ್ಪು ಉಳಿಯುತ್ತದೆ.

1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಬಿತ್ತು. ಈಗ ನಮ್ಮಲ್ಲೂ ಕಾಲುವೆ ಬಂದಿದೆ. ನೀರಾ ದಂಡೆಯವರು ಕಲಿತ ಪಾಠವನ್ನು ನಾವು ಹೊಲ ಕಳಕೊಂಡು ಕಲಿಯಬೇಕೇ?

ಮನೆಯಲ್ಲೇ ನೋಡಿರಿ. ಒಣ ಮಣ್ಣಿನ ಮೇಲೆ ಲಿಂಬೆರಸ ಹಿಂಡಿರಿ. ಬುರುಗು ಬಂದರೆ ಸುಣ್ಣ ಧಾರಾಳವುಂಟು. ಮಣ್ಣನ್ನು ಮಳೆನೀರಿನಲ್ಲಿ ಕಲಕಿ, ತಿಳಿಗೆ ಚಿಟಿಕೆ ಅರಿಶಿನ ಹಾಕಿರಿ. ಓಕುಳಿಯಂತೆ ಕೆಂಪಾದರೆ ಕ್ಷಾರ ಬಲವಾಗಿದೆ. ಕೆಂಪಾಗದಿದ್ದರೆ ದೋಷವೇ ಇಲ್ಲವೆಂದು ತಿಳಿಯಬೇಡಿರಿ. ಉಪ್ಪಿನ ಅಳತೆ ಅರಿಶಿನಕ್ಕೆ ಸಿಗದು. ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳಿಸಿರಿ.

ಉಪಾಯವೇನು? ಮೊದಲು ಬಸಿಗಾಲುವೆ, ಆಮೇಲೆ ಮಿಕ್ಕದ್ದು. ಬರಿಯ ಉಪ್ಪಾದರೆ ಒಳ್ಳೆಯ ನೀರಿನಿಂದ ತೊಳೆದು ಹೋಗುತ್ತದೆ. ಕ್ಷಾರವಾದರೆ ಪರೀಕ್ಷೆ ಹೇಳಿದಷ್ಟು ಜಿಪ್ಸಂ ಕಲಸಿ ನೀರು ಬಸಿಯಬೇಕು. ಹಿತ್ತಲಿಗೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ತಪ್ಪಿಸಬೇಡಿರಿ. ಲಿಂಬೆಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ನೆಲದಲ್ಲಿ ಬೇರಿಗೆ ಕಬ್ಬಿಣ ದಕ್ಕದು. ಅದನ್ನು ಎಲೆಗೆ ಸಿಂಪಡಿಸಬೇಕು.

ನೀರು ಬಂತೆಂದು ಹಿಗ್ಗಿರಿ. ಆದರೆ ಬೆಳೆಗೆ ಬೇಕಾದಷ್ಟೇ ಹಾಯಿಸಿರಿ. ಸವಳಾದ ಹೊಲವನ್ನು ತಿದ್ದಲು ವರುಷಗಳೇ ಬೇಕು. ಕೆಡಿಸಲು ತೆರೆದಿಟ್ಟ ಮಡೆಯೊಂದೇ ಸಾಕು.